ನೆಲದಲ್ಲಿರುವ ಜೂನಿಪರ್ ಎತ್ತಿ ಬೋನ್ಸಾಯ್‌ಗೆ ಹಾಕಬೇಕು: ಬೇರು ಎಷ್ಟು ಕಡಿಯಬಹುದು, ಎಲೆ ಎಷ್ಟು ತೆಗೆಯಬೇಕು?

ಹಿತ್ತಲಪಾತಿ, ಮೈಸೂರು

ಮನೆ ಮುಂದಿನ ಪಾತಿಯಲ್ಲಿ ಎಂಟು ವರ್ಷದ ಜೂನಿಪರ್ ಇದೆ. ನರ್ಸರಿಯ ಚೀಟಿಯಲ್ಲಿ ಜೂನಿಪೆರಸ್ ಚೈನೆನ್ಸಿಸ್ ಅಂತ ಇತ್ತು. ಬುಡದ ಸುತ್ತಳತೆ 19 ಸೆಂ.ಮೀ., ಅಂದರೆ ದಪ್ಪ ಸುಮಾರು 6 ಸೆಂ.ಮೀ. ಎತ್ತರ ನಾಲ್ಕೂವರೆ ಅಡಿ. ನೆಲದಿಂದ ಒಂದು ಗೇಣಿನ ಮೇಲೆ ಮೊದಲ ರೆಂಬೆ, ಹಸಿರಾಗೇ ಇದೆ. ಮಣ್ಣು ಅಂಟು ಕೆಂಪು ಮಣ್ಣು. ಆ ಜಾಗದಲ್ಲಿ ಕಾರ್ ಶೆಡ್ ಬರುತ್ತೆ, ಆದರೆ ಮುಂದಿನ ವರ್ಷದ ಆಗಸ್ಟ್‌ವರೆಗೆ ಸಮಯ ಇದೆ. ಈಗ ಜೂನ್ ಮೊದಲ ವಾರ.

ನನ್ನ ಪ್ರಶ್ನೆಗಳು: ಯಾವ ತಿಂಗಳಲ್ಲಿ ಎತ್ತಬೇಕು? ಬುಡದಿಂದ ಎಷ್ಟು ದೂರ ಅಗೆಯಬೇಕು? ನೇರವಾಗಿ ಬೋನ್ಸಾಯ್ ತಟ್ಟೆಗೆ ಹಾಕಬಹುದಾ? ಬೇರು ಅರ್ಧ ಹೋದರೆ ಮೇಲಿನ ಎಲೆಯನ್ನೂ ಅರ್ಧ ಸವರಿಬಿಡಿ ಅಂತ ಹೇಳುತ್ತಾರೆ, ಅದು ಸರಿಯಾ?

ಬೇರುಬುಡ, ಬೆಂಗಳೂರು

ಕೊನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಎತ್ತಿದ ಜೂನಿಪರ್‌ಗಳು ಹೆಚ್ಚಾಗಿ ಸಾಯುವುದು ಆ ಸಲಹೆಯಿಂದಲೇ.

ಬೇರು ಹೋದಷ್ಟು ಎಲೆ ತೆಗೆಯುವ ಕ್ರಮ ದಾಸವಾಳ, ಬೋಗನ್‌ವಿಲ್ಲ, ಆಲ, ಅತ್ತಿಗೆ ನಡೆಯುತ್ತದೆ. ಅವು ದಪ್ಪ ಬೇರಿನಲ್ಲಿ, ಕಾಂಡದಲ್ಲಿ ಆಹಾರ ಕೂಡಿಟ್ಟಿರುತ್ತವೆ. ಬೋಳು ಕಡ್ಡಿಯಾದರೂ ಚಿಗುರುತ್ತವೆ. ಜೂನಿಪರ್ ತನ್ನ ಶಕ್ತಿಯ ದೊಡ್ಡ ಪಾಲನ್ನು ಹಸಿರಿನಲ್ಲೇ ಇಟ್ಟುಕೊಳ್ಳುವ ಗಿಡ. ಎಲೆಯಿಲ್ಲದ ಹಳೇ ಕಟ್ಟಿಗೆಯಿಂದ ಅದು ಚಿಗುರುವುದಿಲ್ಲ. ಕಡಿದ ಬೇರಿನಿಂದ ಹೊಸ ಬೇರು ಹೊರಡಲು ಸಕ್ಕರೆ ಬೇಕು, ಚಿಗುರಿನ ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನ್ ಬೇಕು. ಎರಡೂ ಬರುವುದು ಮೇಲಿನ ಹಸಿರಿನಿಂದ. ಬೇರು ಕಡಿದ ದಿನವೇ ಎಲೆಯನ್ನೂ ಕಡಿದರೆ ಬೇರು ಕಟ್ಟುವ ಸಾಮಾನನ್ನೇ ಎತ್ತಿ ಆಚೆ ಹಾಕಿದಂತೆ. ಒಣಗಿದ ಕಡ್ಡಿ, ಒಳಗಡೆ ಕಂದಾದ ಎಲೆ ತೆಗೆಯಿರಿ. ಹಸಿರು ತುದಿ ಒಂದನ್ನೂ ಮುಟ್ಟಬೇಡಿ. ಎಲೆಯಿಂದ ಹೋಗುವ ನೀರನ್ನು ಕಡಿಮೆ ಮಾಡಲು ನೆರಳಿದೆ, ಗಾಳಿ ತಡೆಯುವ ಗೋಡೆಯಿದೆ, ಎಲೆಗೆ ನೀರು ಸಿಂಪಡಿಸುವುದಿದೆ. ಅದಕ್ಕೆ ಕತ್ತರಿ ಬೇಡ.

ನಿಮ್ಮ ಗಿಡದ ಭಾಗ್ಯ ಅಂದರೆ ಒಂದು ಗೇಣಿನಲ್ಲೇ ಹಸಿರು ರೆಂಬೆ ಇರುವುದು. ಮೊದಲ ಹಸಿರು ಎರಡಡಿ ಮೇಲಿದ್ದಿದ್ದರೆ ಅಗೆಯುವ ಕಷ್ಟ ಬೇಡ ಎನ್ನುತ್ತಿದ್ದೆ, ಏಕೆಂದರೆ ಕೆಳಗೆ ಹೊಸ ರೆಂಬೆ ಬರುವ ದಾರಿಯೇ ಇಲ್ಲ.

ಒಂದು ವರ್ಷ ಕೈಯಲ್ಲಿರುವಾಗ ಒಂದೇ ಸಲ ಕೀಳುವ ಅಗತ್ಯವಿಲ್ಲ. ಈಗ ಕಾಲುವೆ ತೋಡಿ, ಮುಂದಿನ ವರ್ಷ ಎತ್ತಿ. ಕ್ರಮ ಹೀಗೆ: ಬುಡದ ನಡುವಿನಿಂದ 22 ಸೆಂ.ಮೀ. ಅಳತೆಗೆ ಹಗ್ಗ ಹಿಡಿದು ಸುತ್ತಲೂ ಸುಣ್ಣದಲ್ಲಿ ವೃತ್ತ ಎಳೆಯಿರಿ. ವೃತ್ತವನ್ನು ನಾಲ್ಕು ಭಾಗ ಮಾಡಿ. ಈ ತಿಂಗಳು ಎದುರುಬದುರಿನ ಎರಡು ಭಾಗದಲ್ಲಿ ಮಾತ್ರ, ವೃತ್ತದ ಹೊರಗೆ, 15 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಕಾಲುವೆ ತೆಗೆಯಿರಿ. ಸಿಕ್ಕಿದ ಬೇರನ್ನು ಸಲಿಕೆಯಿಂದ ಜಜ್ಜಬೇಡಿ. ಸಣ್ಣದಕ್ಕೆ ಕತ್ತರಿ, ಬೆರಳಿಗಿಂತ ದಪ್ಪದ್ದಕ್ಕೆ ಗರಗಸ, ಆಮೇಲೆ ಚೂಪು ಚಾಕುವಿನಿಂದ ಅಂಚು ನಯ ಮಾಡಿ. ಜಜ್ಜಿದ ಬೇರು ಹಿಂದಕ್ಕೆ ಕೊಳೆಯುತ್ತಾ ಬರುತ್ತದೆ. ನಯವಾಗಿ ಕಡಿದ ಬೇರು ಕಡಿದ ಜಾಗದ ಹಿಂದೆಯೇ ಹತ್ತಾರು ಎಳೆ ಬಿಡುತ್ತದೆ. ಕಾಲುವೆಗೆ ಅದೇ ಕೆಂಪು ಮಣ್ಣು ತುಂಬಬೇಡಿ. ಜರಡಿ ಹಿಡಿದ ಇಟ್ಟಿಗೆ ಚೂರು, ತೊಳೆದ ಕೊಕೊಪೀಟ್ ಅರ್ಧರ್ಧ ತುಂಬಿ. ಹೊಸ ಬೇರು ಬರಬೇಕಾದ್ದು ಅಲ್ಲಿಗೆ. ಉಳಿದ ಎರಡು ಭಾಗ ಅಕ್ಟೋಬರ್‌ನಲ್ಲಿ. ಬೇಸಿಗೆಯಲ್ಲಿ ಕಾಲುವೆ ಒಣಗಲು ಬಿಟ್ಟರೆ ಇಡೀ ಶ್ರಮ ವ್ಯರ್ಥ.

ದಪ್ಪ ಬೇರಿನ ವಿಷಯದಲ್ಲಿ ಜೂನಿಪರ್‌ಗೆ ಒಂದು ವಿಶೇಷವಿದೆ. ಅದರ ನೀರಿನ ದಾರಿ ಪಟ್ಟಿಪಟ್ಟಿಯಾಗಿರುತ್ತದೆ. ಒಂದು ದಪ್ಪ ಬೇರು, ಅದರ ಮೇಲೆ ಕಾಂಡದಲ್ಲಿ ಒಂದು ಉಬ್ಬು ಪಟ್ಟಿ, ಅದರ ತುದಿಯಲ್ಲಿ ಒಂದೋ ಎರಡೋ ರೆಂಬೆ. ಆ ಬೇರನ್ನು ಬುಡಕ್ಕೆ ತಾಗಿಸಿ ಕಡಿದರೆ ಎಷ್ಟೋ ವಾರದ ಮೇಲೆ ಅದೇ ಪಟ್ಟಿಯ ರೆಂಬೆ ಮಾತ್ರ ಒಣಗುತ್ತದೆ, ಪಕ್ಕದ್ದು ಚೆನ್ನಾಗೇ ಇರುತ್ತದೆ. ಹಳೇ ಜೂನಿಪರ್ ಬೋನ್ಸಾಯ್‌ಗಳಲ್ಲಿ ಬಿಳಿ ಸತ್ತ ಕಟ್ಟಿಗೆಯ ಪಕ್ಕ ಕೆಂಪು ತೊಗಟೆಯ ಜೀವಂತ ಪಟ್ಟಿ ಸುತ್ತಿಕೊಂಡು ಮೇಲೇರುವುದು ಈ ಕಾರಣಕ್ಕೇ. ಆದ್ದರಿಂದ ಮುಂದೆ ಉಳಿಸಿಕೊಳ್ಳಬೇಕಾದ ರೆಂಬೆ ಯಾವುದೆಂದು ಈಗಲೇ ಗೊತ್ತು ಮಾಡಿ ಅದಕ್ಕೆ ದಾರ ಕಟ್ಟಿ. ಅದರ ನೇರ ಕೆಳಗಿನ ಬೇರನ್ನು ವೃತ್ತದ ಅಂಚಿಗಷ್ಟೇ ಕಡಿಯಿರಿ, ಒಳಗೆ ಹೋಗಬೇಡಿ.

ಎತ್ತುವ ದಿನ: ಹಿಂದಿನ ಸಂಜೆ ಚೆನ್ನಾಗಿ ನೀರು ಕೊಡಿ. ಕಾಲುವೆಯ ಹೊರ ಅಂಚಿನಿಂದ ಅಗೆದು, ಹೊಸ ಬೇರು ಸಿಕ್ಕಿದ ಕಡೆ ಕೈಯಿಂದಲೇ ಬಿಡಿಸಿಕೊಂಡು, 20 ಸೆಂ.ಮೀ. ಆಳಕ್ಕೆ ಬಂದಾಗ ಸಲಿಕೆಯನ್ನು ಅಡ್ಡ ಮಲಗಿಸಿ ಅಡಿಯಿಂದ ಕಡಿಯಿರಿ. ಉಂಡೆ ಅಲುಗುವ ಮುಂಚೆ ಗೋಣಿತಾಟು ಸುತ್ತಿ ಹಗ್ಗ ಬಿಗಿಯಿರಿ. 44 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ ಉಂಡೆ ಅಂದರೆ 30 ಲೀಟರ್ ಮಣ್ಣು, ಒದ್ದೆಯಾಗಿ 50 ಕೆ.ಜಿ. ದಾಟುತ್ತದೆ. ಇಬ್ಬರು ಬೇಕು. ಕಾಂಡ ಹಿಡಿದು ಎತ್ತಬೇಡಿ, ಉಂಡೆಯ ಅಡಿಗೆ ಕೈ ಕೊಡಿ. ಕಾಂಡ ಹಿಡಿದು ಜಗ್ಗಿದರೆ ಬುಡದ ಕೆಳಗೆ ಸಣ್ಣ ಬೇರು ಕಿತ್ತುಹೋಗುವ ಸದ್ದು ನಿಮಗೇ ಕೇಳುತ್ತದೆ.

ಜಲ್ಲಿಜರಡಿ, ಶಿವಮೊಗ್ಗ

ಬೇರುಬುಡ ಅವರು ಹೇಳಿದ್ದು ಎಲ್ಲವೂ ಸರಿ. ತಿಂಗಳ ಬಗ್ಗೆ ಮತ್ತು ಮಣ್ಣಿನ ಬಗ್ಗೆ ಸೇರಿಸ್ತೀನಿ.

ಬೋನ್ಸಾಯ್ ವಿಡಿಯೊಗಳಲ್ಲಿ ವಸಂತದ ಶುರುವಲ್ಲಿ ಎತ್ತಿ ಅಂತಾರೆ. ಅದು ಜಪಾನಿನ ಲೆಕ್ಕ. ಅಲ್ಲಿ ಚಳಿ ಮುಗಿದ ಮೇಲೆ ತಂಪು ತಿಂಗಳುಗಳು ಸಿಗ್ತವೆ. ಇಲ್ಲಿ ಫೆಬ್ರವರಿಯಲ್ಲಿ ಎತ್ತಿದರೆ ಬೇರು ಕೂರೋದರೊಳಗೆ ಮಾರ್ಚ್, ಏಪ್ರಿಲ್ ಬಿಸಿಲು, ಒಣ ಗಾಳಿ. ಮೈಸೂರಿಗೆ ಜೂನ್ ಎರಡನೇ ವಾರದಿಂದ ಜುಲೈ ಕೊನೆ ಒಳ್ಳೇದು: ಮೋಡ, ತಂಪು, ಜಿಟಿಜಿಟಿ ಮಳೆ. ನಮ್ಮ ಕಡೆ, ಸಾಗರ, ತೀರ್ಥಹಳ್ಳಿ, ಮಡಿಕೇರಿ ಕಡೆ ಜೂನ್ ಬೇಡ. ವಾರಗಟ್ಟಲೆ ಬಿಡದ ಮಳೆಯಲ್ಲಿ ಕಡಿದ ಬೇರು ಕೊಳೆಯುತ್ತೆ. ಜೋರು ಮಳೆ ಕಳೆದ ಅಕ್ಟೋಬರ್ ಇಲ್ಲಿಗೆ ಸರಿ. ಇದನ್ನ ಬರೆದದ್ದು ಯಾಕಂದ್ರೆ ಈ ಪ್ರಶ್ನೋತ್ತರ ಓದಿ ಮಲೆನಾಡಿನವರು ಜೂನ್‌ನಲ್ಲಿ ಗುದ್ದಲಿ ಹಿಡಿಯಬಾರದು.

ಬೋನ್ಸಾಯ್ ತಟ್ಟೆಗೆ ಈಗಲೇ ಹಾಕಬೇಡಿ. ತಟ್ಟೆ ಆಳವಿಲ್ಲದ್ದು, ಮಣ್ಣುಂಡೆ ಹಿಡಿಸೋಕೆ ಬೇರು ಮುಕ್ಕಾಲು ಪಾಲು ಕಡಿಯಬೇಕಾಗುತ್ತೆ. ಇನ್ನೊಂದು, ಪಾತ್ರೆ ಎಷ್ಟೇ ಆಳ ಇರಲಿ, ಅದರ ತಳದಲ್ಲಿ ಕೆಲವು ಸೆಂ.ಮೀ. ನೀರು ತುಂಬಿದ ಪದರ ನಿಂತೇ ಇರುತ್ತೆ. ಮಣ್ಣು ನುಣ್ಣಗಿದ್ದಷ್ಟೂ ಆ ಪದರ ಎತ್ತರ. ಆಳ ಕಡಿಮೆಯಾದ ತಟ್ಟೆಯಲ್ಲಿ ಬೇರಿನ ಅರ್ಧ ಜಾಗ ಆ ಜವುಗೇ ಆಗಿಬಿಡುತ್ತೆ. ಹಾಗಂತ ತಳಕ್ಕೆ ದಪ್ಪ ಜಲ್ಲಿ ಪದರ ಹಾಕಿದರೆ ನೀರು ಬೇಗ ಬಸಿಯುತ್ತೆ ಅಂದ್ಕೋಬೇಡಿ. ಜವುಗು ಪದರ ಜಲ್ಲಿಯ ಮೇಲಕ್ಕೆ ಬಂದು ಕೂರುತ್ತೆ ಅಷ್ಟೆ. ಪೂರ್ತಿ ಆಳಕ್ಕೂ ಒಂದೇ ಮಿಶ್ರಣ, ತೂತಿನ ಮೇಲೆ ಸೊಳ್ಳೆಪರದೆಗಿಂತ ಸ್ವಲ್ಪ ದೊಡ್ಡ ಕಣ್ಣಿನ ಬಲೆ, ಸಾಕು.

ಪೆಟ್ಟಿಗೆ ಮಾಡಿಸಿ. ಪ್ಯಾಕಿಂಗ್ ಮರದ ಪಟ್ಟಿಯಿಂದ 50 × 50 ಸೆಂ.ಮೀ. ಅಗಲ, 22 ಸೆಂ.ಮೀ. ಆಳ. ತಳದ ಪಟ್ಟಿಗಳ ನಡುವೆ ಅರ್ಧ ಸೆಂ.ಮೀ. ಸಂದು ಬಿಡಿಸಿ, ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿ. ಒಟ್ಟು 55 ಲೀಟರ್ ಹಿಡಿಯುತ್ತೆ. ಉಂಡೆ ಹೋಗಿ ಸುಮಾರು 25 ಲೀಟರ್ ಮಿಶ್ರಣ ಬೇಕು. ಅಂಚು ಬಿಡಿಸಿದಾಗ ಉಂಡೆ ಸಣ್ಣದಾಗುತ್ತೆ, ಹಾಗಾಗಿ 35 ಲೀಟರ್ ರೆಡಿ ಇಟ್ಕೊಳ್ಳಿ. ಅರ್ಧ ದಾರಿಯಲ್ಲಿ ಮಿಶ್ರಣ ಖಾಲಿಯಾಗಿ ಬೇರು ಬಿಸಿಲಲ್ಲಿ ಬಿದ್ದಿರಬಾರದು.

ಮಿಶ್ರಣ: ಚೆನ್ನಾಗಿ ಸುಟ್ಟ ಇಟ್ಟಿಗೆ ಚೂರು 6 ಪಾಲು, ಸಣ್ಣ ಕಲ್ಲುಚೂರು 2 ಪಾಲು, ತೊಳೆದ ತೆಂಗಿನ ಸಿಪ್ಪೆ ಚೂರು 2 ಪಾಲು. ಎಲ್ಲಾ 3ರಿಂದ 8 ಮಿ.ಮೀ. ಒಳಗೆ. ಎರಡು ಜರಡಿ ಬೇಕು: 8 ಮಿ.ಮೀ. ಜರಡಿಯಿಂದ ಕೆಳಗೆ ಬಿದ್ದದ್ದು, 3 ಮಿ.ಮೀ. ಜರಡಿ ಮೇಲೆ ನಿಂತದ್ದು. ಆಮೇಲೆ ಬಕೆಟ್‌ನಲ್ಲಿ ಹಾಕಿ ನೀರು ತಿಳಿಯಾಗೋವರೆಗೆ ತೊಳೆಯಿರಿ. ಈ ತೊಳೆಯೋದನ್ನ ಬಹಳ ಜನ ಬಿಡ್ತಾರೆ. ಇಟ್ಟಿಗೆ ಪುಡಿ ಎರಡು ಮಳೆಗೆ ತಳಕ್ಕಿಳಿದು ಸಿಮೆಂಟ್ ಥರ ಕೂತ್ಕೊಳ್ಳುತ್ತೆ. ಇಟ್ಟಿಗೆ ಪರೀಕ್ಷೆ ಸುಲಭ: ಒಂದು ಚೂರು ರಾತ್ರಿ ನೀರಲ್ಲಿಟ್ಟು ಬೆಳಿಗ್ಗೆ ಹೆಬ್ಬೆರಳಲ್ಲಿ ಒತ್ತಿ. ಕರಗಿ ಬೆರಳಿಗೆ ಕೆಂಪು ಹತ್ತಿದರೆ ಅದು ಹಸಿ ಇಟ್ಟಿಗೆ, ಬೇಡ. ಎಂ-ಸ್ಯಾಂಡ್ ಕೂಡ ಬೇಡ, ಅದರಲ್ಲಿ ಪುಡಿಯೇ ಜಾಸ್ತಿ. ದುಡ್ಡು ಕೊಟ್ಟು ಜಪಾನಿನ ಅಕಾದಮಾ (ಬೋನ್ಸಾಯ್‌ಗೆ ಬಳಸೋ ಹರಳು ಮಣ್ಣು) ತರಿಸೋ ಅಗತ್ಯ ಈ ಹಂತದಲ್ಲಿ ಇಲ್ಲ.

ಹಿತ್ತಲಪಾತಿ, ಮೈಸೂರು

ಇಬ್ಬರಿಗೂ ತುಂಬಾ ಧನ್ಯವಾದ. ಹಾಗಾದರೆ ಈ ವಾರ ಎರಡು ಕಾಲುವೆ, ಅಕ್ಟೋಬರ್‌ನಲ್ಲಿ ಎರಡು, ಮುಂದಿನ ಜೂನ್‌ನಲ್ಲಿ ಎತ್ತುವುದು.

ಎರಡು ಸಂದೇಹ. ಎತ್ತಿದ ಮೇಲೆ ಕೆಂಪು ಮಣ್ಣನ್ನು ಪೂರ್ತಿ ಪೈಪ್ ನೀರಲ್ಲಿ ತೊಳೆದು ಹೊಸ ಮಿಶ್ರಣ ಹಾಕಬೇಕಾ? ನಿನ್ನೆ ಒಂದು ಕಡೆ ಕೆದಕಿದಾಗ ಬೇರಿನ ಸುತ್ತ ಬಿಳಿ ಬೂಷ್ಟಿನ ಥರ ಎಳೆ ಕಂಡಿತು, ಅದಕ್ಕೆ ಶಿಲೀಂಧ್ರನಾಶಕ ಹಾಕಬೇಕಾ?

ಬೇರುಬುಡ, ಬೆಂಗಳೂರು

ಪೂರ್ತಿ ತೊಳೆಯಬೇಡಿ. ಬೇರು ಕಂದು ಬಣ್ಣದ್ದು, ಗಟ್ಟಿ, ಹಿಡಿದೆಳೆದರೆ ಸಿಪ್ಪೆ ಜಾರುವುದಿಲ್ಲ, ವಾಸನೆ ಕಾಡುಮಣ್ಣಿನ ಹಾಗಿದೆ ಅಂದರೆ ಆ ಬಿಳಿ ಎಳೆ ಬೇರಿಗೆ ಕೆಡುಕು ಮಾಡುವಂಥದ್ದಲ್ಲ. ಬೇರಿನ ಜೊತೆ ಕೂಡಿ ಬಾಳುವ ಶಿಲೀಂಧ್ರಗಳೂ ಮಣ್ಣಿನಲ್ಲಿವೆ, ಮಣ್ಣಿನಿಂದ ನೀರು, ರಂಜಕ ತಂದುಕೊಡುವುದರಲ್ಲಿ ಗಿಡಕ್ಕೆ ಅವುಗಳ ನೆರವಿರುತ್ತದೆ. ಔಷಧ ಸುರಿದು ಅವನ್ನೂ ಕೊಲ್ಲಬೇಡಿ. ಬೇರು ಕಪ್ಪಾಗಿ, ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಒಳಗಿನ ದಾರ ಮಾತ್ರ ಉಳಿದು, ಕೊಳಚೆ ವಾಸನೆ ಬಂದರೆ ಮಾತು ಬೇರೆ. ಅಷ್ಟನ್ನು ಆರೋಗ್ಯದ ಭಾಗದವರೆಗೆ ಕಡಿದು ತೆಗೆಯಬೇಕು.

ಎತ್ತುವ ದಿನ ಉಂಡೆಯ ಹೊರಗಿನ ಮೂರನೇ ಒಂದು ಭಾಗದ ಮಣ್ಣನ್ನು ಮಾತ್ರ ಬಿದಿರು ಕಡ್ಡಿಯಿಂದ ಬಾಚಿ ತೆಗೆಯಿರಿ. ಬುಡದ ಕೆಳಗಿನ ತಿರುಳನ್ನು ಮುಟ್ಟಬೇಡಿ. ಎರಡು ವರ್ಷ ಬಿಟ್ಟು ಮುಂದಿನ ಸಲ ಒಂದು ಪಕ್ಕದ ಅರ್ಧವನ್ನು ಬುಡದವರೆಗೆ ಬಿಡಿಸಿ, ಇನ್ನೆರಡು ವರ್ಷಕ್ಕೆ ಉಳಿದರ್ಧ. ಆಗ ಬೋನ್ಸಾಯ್ ತಟ್ಟೆ. ನಿಧಾನ ಅನ್ನಿಸುತ್ತದೆ, ಆದರೆ ಜೂನಿಪರ್, ಪೈನ್‌ನಂಥ ಕೋನಿಫರ್‌ಗೆ ಇದಕ್ಕಿಂತ ಬೇಗದ ದಾರಿ ಹಿಡಿದವರಲ್ಲಿ ಹೆಚ್ಚಿನವರ ಕೈಯಲ್ಲಿ ಉಳಿದದ್ದು ಖಾಲಿ ತಟ್ಟೆ.

ಉಳಿಸಿದ ಕೆಂಪು ಮಣ್ಣಿನ ತಿರುಳಿಗೆ ಒಂದು ಅಪಾಯ ಇದೆ. ಸುತ್ತಲಿನ ಒರಟು ಮಿಶ್ರಣದಲ್ಲಿ ನೀರು ಸರ್ರನೆ ಇಳಿದುಹೋಗುತ್ತದೆ, ನಡುವಿನ ಜೇಡಿ ಹೆಂಟೆ ಒಣಗಿಯೇ ಇರುತ್ತದೆ. ತಳದಿಂದ ನೀರು ಸುರಿಯುವುದನ್ನು ನೋಡಿ ನಾವು ತೃಪ್ತಿಪಡುತ್ತೇವೆ, ಗಿಡ ಬಾಯಾರಿಯೇ ಇರುತ್ತದೆ. ಅದಕ್ಕೆ ತಿರುಳಿನಲ್ಲಿ ಹತ್ತು ಹನ್ನೆರಡು ಕಡೆ ಬಿದಿರು ಕಡ್ಡಿ ಚುಚ್ಚಿ ತೂತು ಮಾಡಿ, ಇಟ್ಟಿಗೆ ಚೂರು ತುಂಬಿ. ನೀರನ್ನು ಮೊದಲು ಬುಡಕ್ಕೆ, ಹತ್ತು ನಿಮಿಷ ಬಿಟ್ಟು ಮತ್ತೆ ಬುಡಕ್ಕೆ ಕೊಡಿ. ಒಂದು ಕಡ್ಡಿಯನ್ನು 8 ಸೆಂ.ಮೀ. ಆಳಕ್ಕೆ ಅಲ್ಲೇ ನೆಟ್ಟಿರಿ. ದಿನವೂ ಎಳೆದು ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ, ಬಣ್ಣ ಗಾಢವಿದ್ದರೆ ಅಂದು ನೀರು ಬೇಡ. ಬೆಳ್ಳಗಾಗುತ್ತಾ ಬಂದಿದ್ದರೆ ಕೊಡಿ.

ಇನ್ನು ಕಟ್ಟುವುದು. ಗಿಡ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟೂ ಅಲುಗಬಾರದು. ಹೊಸ ಬೇರಿನ ತುದಿ ಮೊಳಕೆಯಷ್ಟು ಮೆದು, ಗಾಳಿಗೆ ಕಾಂಡ ತೂಗಿದಾಗಲೆಲ್ಲ ಅದು ಮುರಿಯುತ್ತದೆ. ಪೆಟ್ಟಿಗೆಯ ನಾಲ್ಕು ಬದಿಗೆ ಮೊಳೆ ಹೊಡೆದು, ಉಂಡೆಯ ಮೇಲೆ ಅಡ್ಡಡ್ಡ ನೈಲಾನ್ ಹಗ್ಗ ಬಿಗಿಯಿರಿ. ಬೇರಿಗೆ ತಾಗುವಲ್ಲಿ ಹಳೇ ಸೈಕಲ್ ಟ್ಯೂಬ್ ತುಂಡು ಇಡಿ. ಪೆಟ್ಟಿಗೆಯ ಅಂಚು ಹಿಡಿದು ಅಲ್ಲಾಡಿಸಿದರೆ ಗಿಡ ಪೆಟ್ಟಿಗೆ ಒಂದಾಗಿ ಅಲುಗಬೇಕು.

ಹಸಿರುಬಲೆ, ಬೆಂಗಳೂರು

ಎತ್ತಿದ ಮೇಲಿನ ಮೂರು ತಿಂಗಳ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಸೇರಿಸ್ತಿದ್ದೀನಿ.

ಮೊದಲ ಮೂರು ವಾರ 50 ಶೇಕಡಾ ಶೇಡ್ ನೆಟ್ ಕೆಳಗೆ, ಗಾಳಿ ನೇರ ಬೀಸದ ಕಡೆ. ಎಲೆಗೆ ದಿನಕ್ಕೆ ಮೂರು ನಾಲ್ಕು ಸಲ ನೀರಿನ ಮಂಜು. ನಾಲ್ಕನೇ ವಾರದಿಂದ ಬೆಳಿಗ್ಗೆ ಹತ್ತರವರೆಗಿನ ಬಿಸಿಲು. ತುದಿಗಳಲ್ಲಿ ತಿಳಿಹಸಿರು ಹೊಸ ಬೆಳವಣಿಗೆ ಕಂಡ ಮೇಲೆ ನೆಟ್ ತೆಗೆಯಿರಿ. ಪಾಪ ಅಂತ ತಿಂಗಳುಗಟ್ಟಲೆ ವರಾಂಡದ ನೆರಳಲ್ಲಿ ಇಟ್ಟರೆ ಒಳಗಿನ ರೆಂಬೆಗಳು ಒಣಗ್ತವೆ, ಮತ್ತೆ ಬರಲ್ಲ. ಮನೆಯೊಳಗಂತೂ ಇಡಲೇಬೇಡಿ.

ಗೊಬ್ಬರ ಎರಡು ತಿಂಗಳು ಬೇಡ. ಹೊಸ ತುದಿ ಬೆಳೆಯೋಕೆ ಶುರುವಾದ ಮೇಲೆ ಬೇವಿನ ಹಿಂಡಿ ಒಂದು ಹಿಡಿ, ಪೆಟ್ಟಿಗೆಯ ಅಂಚಿನಲ್ಲಿ. ಬುಡಕ್ಕೆ ಬೇಡ.

ಈಗ ಮುಖ್ಯ ಮಾತು. ಜೂನಿಪರ್ ಸತ್ತದ್ದು ಬೇಗ ಗೊತ್ತಾಗಲ್ಲ. ಬೇರು ಪೂರ್ತಿ ಸತ್ತರೂ ಎಲೆ ವಾರಗಟ್ಟಲೆ ಹಸಿರಾಗೇ ಇರುತ್ತೆ, ಕೊಯ್ದು ತಂದ ಕೊಂಬೆಯ ಹಾಗೆ. "ಒಂದು ತಿಂಗಳಾಯ್ತು, ಹಸಿರಾಗಿದೆ, ಹಿಡ್ಕೊಂಡಿದೆ" ಅಂತ ನಂಬಿ ರೆಂಬೆ ಬಾಗಿಸೋ ತಂತಿ ಸುತ್ತೋಕೆ ಹೋಗಬೇಡಿ. ಬಣ್ಣ ನೋಡೋಕಿಂತ ಕೈಯಿಂದ ಮುಟ್ಟಿ ನೋಡಿ. ಆರೋಗ್ಯದ ಎಲೆಗೊಂಚಲು ಬೆರಳ ನಡುವೆ ಹಿಸುಕಿದರೆ ಮೆತ್ತಗೆ, ತಂಪಾಗಿ ಬಾಗುತ್ತೆ. ಸೊರಗಿದ್ದು ಹೊಳಪು ಕಳೆದು ಬೂದಿ ಮಿಶ್ರ ಹಸಿರಾಗಿ, ಗರಿಗರಿ ಅನ್ನಿಸುತ್ತೆ. ತುದಿ ಉದ್ದವಾಗ್ತಿದೆಯಾ ಅನ್ನೋದೇ ನಂಬಬಹುದಾದ ಗುರುತು. ಒಂದು ತುದಿಯ ಪಕ್ಕ ಬಟ್ಟೆ ಕ್ಲಿಪ್ ಹಾಕಿ ವಾರಕ್ಕೊಮ್ಮೆ ಫೋಟೊ ತೆಗೆದಿಡಿ. ನುಣುಪು ಎಲೆಯ ಬದಲು ಮುಳ್ಳುಮುಳ್ಳು ಎಲೆ ಬಂದರೆ ಹೆದರಬೇಡಿ, ಜೂನಿಪರ್‌ಗೆ ಏಟು ಬಿದ್ದಾಗ ಎಳೆಗಿಡದ ಎಲೆಯನ್ನೇ ಮತ್ತೆ ಬಿಡುತ್ತೆ, ಒಂದೆರಡು ವರ್ಷದಲ್ಲಿ ಸರಿಹೋಗುತ್ತೆ.

ಮಳೆ ನಿಂತ ಮೇಲೆ ನುಸಿ ಬರುತ್ತೆ. ಎಲೆ ಮೇಲೆ ಹಳದಿ ಚುಕ್ಕಿ, ಧೂಳು ಕೂತಂಥ ಮಂಕು. ರೆಂಬೆ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕಿಗಳು ಹರಿದಾಡಿದರೆ, ಉಜ್ಜಿದಾಗ ಕಾಗದದ ಮೇಲೆ ಗೆರೆ ಮೂಡಿದರೆ ಅದು ನುಸಿಯೇ. ಮೊದಲು ನೀರಿನ ಜೋರು ಧಾರೆ, ಎಲೆಯ ಅಡಿಯಿಂದ, ಮೂರು ದಿನಕ್ಕೊಮ್ಮೆ. ಬಗ್ಗದಿದ್ದರೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಸಂಜೆ ಹೊತ್ತು. ಬಿಸಿಲೇರಿದಾಗ ಹೊಡೆದರೆ ಎಲೆ ಸುಡುತ್ತೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡ.

ತೋಟದಮನೆ, ಹಾಸನ

ಇದೇ ಕ್ರಮ ಮಯೂರಪಂಖಿಗೂ, ಕ್ರಿಸ್‌ಮಸ್ ಗಿಡಕ್ಕೂ ನಡೆಯುತ್ತದೆಯೇ? ಎರಡೂ ಅಂಗಳದಲ್ಲಿವೆ.

ಬೇರುಬುಡ, ಬೆಂಗಳೂರು

ಮಯೂರಪಂಖಿಗೆ ನಡೆಯುತ್ತದೆ. ಅದೂ ಹಳೇ ಬೋಳು ಕಟ್ಟಿಗೆಯಿಂದ ಚಿಗುರುವುದು ಅಪರೂಪ, ಎಲೆ ಉಳಿಸಬೇಕು. ಎಲೆ ಬೀಸಣಿಗೆಯ ಹಾಗೆ ನೆಟ್ಟಗೆ ನಿಲ್ಲುವುದರಿಂದ ಪದರ ಪದರವಾಗಿ ರೂಪ ಕೊಡುವುದು ಕಷ್ಟ ಅಷ್ಟೆ. ಕ್ರಿಸ್‌ಮಸ್ ಗಿಡ ಅಂತ ಮಾರುವ ಅರಾಕೇರಿಯವನ್ನು ನೆಲದಲ್ಲೇ ಬಿಡಿ. ಅದರ ನಡುಕಾಂಡದ ತುದಿ ಕಡಿದರೆ ಪಕ್ಕದ ರೆಂಬೆಯನ್ನು ನೆಟ್ಟಗೆ ಕಟ್ಟಿದರೂ ಅದು ತುದಿಯಾಗಿ ಬೆಳೆಯದೆ ಪಕ್ಕದ ರೆಂಬೆಯಾಗೇ ಉಳಿಯುತ್ತದೆ. ಬೋನ್ಸಾಯ್‌ಗೆ ಗಿಡ ಕುಗ್ಗಿಸಲೇಬೇಕಲ್ಲ, ಅಲ್ಲೇ ಅದು ಸೋಲುತ್ತದೆ.

ಹಿತ್ತಲಪಾತಿ, ಮೈಸೂರು

ಇವತ್ತು ಪೂರ್ವ, ಪಶ್ಚಿಮ ಎರಡು ಕಾಲುವೆ ತೆಗೆದೆ. ಪಶ್ಚಿಮದಲ್ಲಿ ಹೆಬ್ಬೆರಳು ದಪ್ಪದ ಒಂದೇ ಬೇರು, ಸಣ್ಣ ಬೇರು ಏನೂ ಇಲ್ಲ. ಅದರ ಮೇಲಿನ ಪಟ್ಟಿಯಲ್ಲೇ ನಾನು ದಾರ ಕಟ್ಟಿದ ಮೊದಲ ರೆಂಬೆ ಇದೆ. ಗರಗಸ ಹಾಕಿಲ್ಲ, ಏನು ಮಾಡಲಿ? ತಂತಿ ಯಾವಾಗ ಸುತ್ತಬಹುದು?

ಬೇರುಬುಡ, ಬೆಂಗಳೂರು

ಹಾಕದೆ ಕೇಳಿದ್ದು ಒಳ್ಳೆಯದಾಯಿತು. ಆ ಬೇರನ್ನು ಈಗ ಕಡಿಯಬೇಡಿ. ವೃತ್ತದ ಅಂಚಿನಲ್ಲಿ ಅದರ ಕೆಳಮೈಯ ತೊಗಟೆಯನ್ನು ಮಾತ್ರ, ಸುತ್ತಳತೆಯ ಅರ್ಧಕ್ಕೆ, 2 ಸೆಂ.ಮೀ. ಉದ್ದ ಸುಲಿಯಿರಿ. ಕಟ್ಟಿಗೆ ಕಾಣಬೇಕು. ಬೇರು ಬರಿಸುವ ಹಾರ್ಮೋನ್ ಪುಡಿ ಬುಡದ ಕಡೆಯ ಅಂಚಿಗೆ ಹಚ್ಚಿ, ಒದ್ದೆ ಕೊಕೊಪೀಟ್ ಒತ್ತಿ ಮುಚ್ಚಿ. ನೀರು ಮೇಲಕ್ಕೆ ಹೋಗುತ್ತಲೇ ಇರುತ್ತದೆ, ಕೆಳಗಿಳಿಯುವ ಸಕ್ಕರೆಯ ಒಂದು ಪಾಲು ಸುಲಿದ ಜಾಗದಲ್ಲಿ ತಡೆದು ಅಲ್ಲಿ ಬೇರು ಬಿಡುತ್ತದೆ. ಅಕ್ಟೋಬರ್‌ನಲ್ಲಿ ಉಳಿದ ಎರಡು ಭಾಗ ತೋಡುವಾಗ ಇದನ್ನು ಕೆದಕಿ ನೋಡಿ. ಬಿಳಿ ಬೇರು ಬಂದಿದ್ದರೆ ಅದರ ಹೊರಗೆ ಒಂದು ಅಂಗುಲ ಬಿಟ್ಟು ಕಡಿಯಿರಿ. ಬಂದಿಲ್ಲದಿದ್ದರೆ ಮುಚ್ಚಿ, ಎತ್ತುವ ದಿನ 40 ಸೆಂ.ಮೀ. ಉದ್ದ ಉಳಿಸಿ ಪೆಟ್ಟಿಗೆಯ ಮೂಲೆಗೆ ಬಾಗಿಸಿ ಕೂರಿಸಿ.

ತಂತಿ, ಕತ್ತರಿ ಎರಡೂ ಎತ್ತಿದ ಮೇಲೆ ಒಂದು ಪೂರ್ತಿ ವರ್ಷ ಕಳೆದು. ಆಗಲೂ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಸಿರು ತೆಗೆಯಬೇಡಿ. ತುದಿಗಳನ್ನು ಉಗುರಿನಿಂದ ಚಿವುಟಬೇಡಿ, ಚಿವುಟಿದ ಕಡೆಯೆಲ್ಲ ಕಂದಾಗುತ್ತದೆ. ಉದ್ದ ಹೋದ ಚಿಗುರನ್ನು ಅದರ ಬುಡದಲ್ಲಿ ಕತ್ತರಿಯಿಂದ ತೆಗೆಯಿರಿ. ತೆಗೆಯಬೇಕೆನಿಸಿದ ದಪ್ಪ ರೆಂಬೆಗಳನ್ನು ಬುಡಕ್ಕೆ ಸವರದೆ ಒಂದು ಗೇಣು ಮೋಟು ಬಿಡಿ. ಸಿಪ್ಪೆ ಸುಲಿದು ಒಣಗಿಸಿದರೆ ಮುಂದೆ ಅದೇ ಬಿಳಿ ಕಟ್ಟಿಗೆಯ ಅಂದ ಆಗುತ್ತದೆ.